ಮೂಲಿ ಎತ್ತಿ ನೋಡ್ರಿ

ಇಪ್ಪತ್ತೆರಡು ವರ್ಷ ಮಣಕಾಲ ಮ್ಯಾಲ ನಡದೀನ್ರಿ.
ವಿಜಯಪುರದಾಗ ಸ್ಟೇಶನ್ ರೋಡಿನ ಲಾಡ್ಜು,
ಡಾಕ್ಟರ್ ಮನಿ, ಬ್ಯಾಂಕ್ ಮ್ಯಾನೇಜರನ ಕೋಣಿ,
ಎಲ್ಲಾ ಕಾರ್ಪೆಟ್ ಹಾಸಾಂವ ನಾನ.
ಮ್ಯಾಲ ನಡದವರು ಯಾರೂ
ಕೆಳಗ ಏನೈತಿ ಕೇಳಲಿಲ್ಲ.

ರೊಕ್ಕ ತಗೊಂಡ ಫೋಮಿನ ಜಾಗಾದಾಗ ಹಳೇ ಪೇಪರ್.
ಹನ್ನೆರಡು ಫೂಟಿನ ಕೋಣಿಗೆ ಹದಿನೈದರ ಬಿಲ್ಲು,
ಉಳದ ಮೂರು ಫೂಟು ಸಾವಕಾರನ ಗೋಡೌನಿಗೆ ವಾಪಸ್.
ಹೊತ್ತಾಂವನೂ ನಾನ.
ಸುಮ್ಮನಿರೂದು ಪಗಾರದಾಗ ಸೇರಿತ್ತು.

ಜೋರಾಪುರ ಪೇಟಿ ಬಾಲವಾಡಿಯ ತಂಗೆವ್ವ ಅಕ್ಕೋರು
ಎರಡು ತಿಂಗಳಿಗೇ ಬಂದು ನಿಂತರು:
'ಲಾಡ್ಲೇಸಾಬ, ಉಣ್ಣಿ ಅಂತ ಹೇಳಿ ಹಾಸಿದ್ರಿ,
ಹುಡುಗೂರ ಚಡ್ಡಿಗೆಲ್ಲಾ ಬಣ್ಣಾ ಹತ್ತೈತಿ.'
ಬೈಲಿಲ್ಲ. ಚಾ ಕುಡಿಸಿದರು.
ಆ ಚಾ ನನಗ ಇಳೀಲಿಲ್ಲ ನೋಡ್ರಿ.

ಗ್ರಾಹಕರ ಕೋರ್ಟಿನಾಗ ಅಕ್ಕೋರ ಕಡೆ ಸಾಕ್ಷಿ ನಿಂತೆ.
ವಕೀಲಾ ಕೇಳಿದ, 'ನೀ ಎಷ್ಟು ಓದೀದಿ?'
ಒಂದ ಎಳಿ ಕಿತ್ತು ಕಡ್ಡಿ ಗೀರಿದೆ.
ಗುಮಾಸ್ತ ಹೌಹಾರಿ ಎದ್ದ.
ಕೂದಲ ಸುಟ್ಟ ನಾತ ಬರಲಿಲ್ಲ,
ಎಳಿ ಕರಗಿ ಕರೇ ಮಣಿ ಆತು.
ಜಡ್ಜಬಾಯಿ ಅದನ್ನ ಬೆರಳಾಗ ಹಿಡದು
ಬಾಳ ಹೊತ್ತು ಹೊರಳಿಸಿದರು.

ಅವತ್ತ ಸಂಜಿಕ ಕೆಲಸ ಹೋತು.
ಈಗ ಅಂಗಡಿ ಎದುರಿನ ಚಾದಂಗಡಿಯಾಗ ಕುಂದರತೀನಿ.
ಕೊಳ್ಳವರ ಜೋಡಿ ಒಳಗ ಹೋಗ್ತೀನಿ,
ಟೇಪ್ ನಂದ, ಕಡ್ಡಿಪೆಟ್ಟಿಗಿ ನಂದ.
ಸಾವಕಾರ ಮಾರಿ ತಿರುವತಾನ.

ನಿನ್ನೆ ಆ ಡಾಕ್ಟರ್ ಬಂದಿದ್ದರು,
ಮಗಳ ಮನಿಗೆ ಹೊಸಾದು ಬೇಕಂತ.
ಹೊಂಟಾಗ ಹೊಸ್ತಿಲದಾಗ ನಿಂತು ಅಂದರು:
'ನಮ್ಮ ಮನ್ಯಾಗಿಂದೂ ನೀನ ಹಾಸಿದ್ದಲ್ಲಾ?'

ಮಣಕಾಲ ಚುಳಕ್ ಅಂತು.
'ಹೌದ್ರಿ' ಅಂದೆ, 'ನಡೀರಿ,
ಮೂಲಿ ಎತ್ತಿ ನೋಡೂಣು.'