ಉಸುಕು ಹಸಿ

ಉದ್ಯಮಬಾಗದ ಶೆಡ್ಡಿನೊಳಗೆ ಒಂದು ಗಾಜಿನ ಗೂಡು.
ಅದರಲ್ಲಿ ನಾನು, ಲೆಡ್ಜರು, ಕರೀ ಧೂಳು ಕೂತ ಕ್ಯಾಲೆಂಡರು.
ಹೊರಗೆ ಕ್ಯುಪೋಲಾ,
ಕೋಕ್ ತಿಂದು ಕಬ್ಬಿಣ ಕಾರುವ ಕಂಬ.

ಜರ್ಮನಿಯವರ ಫಾರ್ಮು ಮೂರು ದಿನದಿಂದ ಮೇಜಿನ ಮೇಲಿದೆ:
ಒಂದು ಪಂಪಿನ ಕವಚಕ್ಕೆ ಎಷ್ಟು ಕಿಲೋ ಇಂಗಾಲ?
ಇಪ್ಪತ್ತೊಂದು ವರ್ಷ ಹೊಗೆಯ ಮಗ್ಗುಲಲ್ಲೇ ಕೂತಿದ್ದೇನೆ,
ಅದನ್ನು ತೂಗುವ ತಕ್ಕಡಿ ಕಂಡಿಲ್ಲ.

‘ಕಡಿಮಿ ಬರೀರಿ, ಅವರೇನ್ ಬಂದು ನೋಡ್ತಾರ?’
ಅಂದರು ಪಾಯಪ್ಪ ಸಾಹುಕಾರರು.
ಬಾಗಿಲ ತನಕ ಹೋಗಿ, ತಿರುಗಿ,
‘ಬಂದ್ರೂ ಬಂದ್ರ...’

ಕರೆಂಟಿನ ಕುಲುಮೆಗೆ ಎರಡು ಕೋಟಿ.
ತಂದರೆ, ಕೋಕ್ ಹೊರುವ ಹನ್ನೊಂದು ಹೆಸರು
ಪಗಾರ ಪಟ್ಟಿಯಿಂದ ನಾನೇ ಹೊಡೆಯಬೇಕು.
ಮೊದಲನೆಯದು ದಸ್ತಗೀರನದು: ಹುಬ್ಬು ಸುಟ್ಟ ಮುಖ,
ಮಗಳ ನರ್ಸಿಂಗ್ ಫೀ ಮೊದಲೇ ಮುರ್ಕೊಳ್ರೀ ಅಕ್ಕಾರ ಅನ್ನುವವನು.
ಆ ಕರೆಂಟಾದರೂ ಎಲ್ಲಿಯದು?
ಕೂಡಗಿಯಲ್ಲಿ ಕಲ್ಲಿದ್ದಲು ಉರಿದರೆ ಇಲ್ಲಿ ಸ್ವಿಚ್ಚು.
ನಮ್ಮ ಹೊಗೆಯನ್ನು ವಿಜಾಪುರದವರ ಅಂಗಳಕ್ಕೆ ಗುಡಿಸಿ
ಕೈ ತೊಳೆದುಕೊಂಡ ಹಾಗೆ.

ಫಾರ್ಮು ಮಡಚಿ,
ಬೇರೇನೋ ಹುಡುಕಲು ಹಳೆಯ ಖಾತೆ ಬಿಚ್ಚಿದೆ.
ರಿಜೆಕ್ಷನ್ ಪುಟ.
ಮೊದಲು ನೂರಕ್ಕೆ ನಾಲ್ಕು ಕೆಡುತ್ತಿದ್ದವು, ಅದೂ ಆಷಾಢದಲ್ಲಿ.
ಈಗ ಡಿಸೆಂಬರಿಗೆ ಒಂಬತ್ತು, ಏಪ್ರಿಲಿಗೆ ಹನ್ನೆರಡು.
ಕಾರಣದ ಕಾಲಮ್ಮಿನಲ್ಲಿ ನನ್ನದೇ ಅಕ್ಷರ:
ಉಸುಕು ಹಸಿ.
ಉಸುಕು ಹಸಿ.
ಉಸುಕು ಹಸಿ.

ಹೊತ್ತಲ್ಲದ ಹೊತ್ತಿನ ಮಳೆ ಅಚ್ಚಿನೊಳಗೆ ಅಡಗಿ ಕೂತು,
ಕಾದ ಕಬ್ಬಿಣ ಬಿದ್ದಾಗ ಆವಿಯಾಗಿ ಓಡಲು ಹೋಗಿ,
ದಾರಿ ಸಿಗದೆ,
ಲೋಹದ ಹೊಟ್ಟೆಯಲ್ಲಿ ಜೋಳದ ಕಾಳಿನಷ್ಟು ತೂತು ಬಿಟ್ಟಿತ್ತು.
ಜರ್ಮನಿಯವರು ಕೇಳುವ ಮೊದಲೇ
ಈ ಲೆಕ್ಕ ನಾನು ಬರೆಯುತ್ತ ಬಂದಿದ್ದೆ,
ಉಸುಕಿನ ಹೆಸರಲ್ಲಿ.

ಕ್ಯಾಲ್ಕುಲೇಟರು ಒತ್ತಿದೆ.
ಕೆಟ್ಟ ಮಾಲೇ ಏಳು ವರ್ಷದಲ್ಲಿ ಒಂದು ಕುಲುಮೆಯಾಗುತ್ತದೆ.
ಹನ್ನೊಂದು ಮಂದಿಯನ್ನು ಯಾವ ಕಡೆ ಕೂಡಿಸಲಿ?
ಜಮಾಕ್ಕೂ ಹಾಕಿ ನೋಡಿದೆ, ಖರ್ಚಿಗೂ;
ಎರಡೂ ಕಡೆ ಲೆಕ್ಕ ತಪ್ಪಿತು.

ಕೋಕಿನ ತೂಕ ಬರೆದೆ. ಖರೇ ತೂಕ.
ಪೆನ್ಸಿಲ್ಲಿನಲ್ಲಿ.

ಇನ್ನೂ ಶಿವರಾತ್ರಿ ಆಗಿಲ್ಲ,
ತಗಡಿನ ಮೇಲೆ ಟಪ್ ಟಪ್ ಶುರುವಾಗಿದೆ.
ಗಾಜಿನಾಚೆ ದಸ್ತಗೀರ
ಕೋಕಿನ ಬುಟ್ಟಿ ಅಲ್ಲೇ ಎಸೆದು,
ತಾಡಪತ್ರಿ ಎಳೆದುಕೊಂಡು
ಉಸುಕಿನ ರಾಶಿಯ ಕಡೆ ಓಡುತ್ತಿದ್ದಾನೆ.