ಮೇಜು ಎಂಬವಳು

ಒಂಬತ್ತನೇ ಕ್ಲಾಸು, ಮೂರನೇ ಪೀರಿಯಡ್, ಫ್ರೆಂಚ್.
ಗ್ರೆಟ್ಟಾ ಟೀಚರ್ ಮೇಜು ತಟ್ಟಿ ಹೇಳಿದರು:
ಇದು ಅವಳು.

ನಕ್ಕೆವು. ಹಿಂದಿನ ಬೆಂಚಿನ ಸಿನಾನ್
ಮೇಜಿಗೊಂದು ಸಲಾಂ ಹೊಡೆದ.
ಕುರ್ಚಿ ಅವಳು, ಕಿಟಕಿ ಅವಳು,
ಚಾಕು ಮಾತ್ರ ಅವನು.
‘ಅದು’ ಎಲ್ಲಿ ಟೀಚರ್? ಕೇಳಿದೆ.
ಅವರಲ್ಲಿ ಇಲ್ಲ, ಎಂದರು.
ಅಷ್ಟು ದೊಡ್ಡ ಭಾಷೆ,
ಒಂದು ‘ಅದು’ ಇಟ್ಟುಕೊಂಡಿಲ್ಲ.

ಮೂಗಿನಲ್ಲಿ ನುಡಿಯಬೇಕಾದ ಸ್ವರಗಳನ್ನು
ನೆಗಡಿಯಾದವಳ ಹಾಗೆ ಗುನುಗುತ್ತ
ಜೆಪ್ಪುವಿನ ಏರು ಹತ್ತಿದೆ.
ಜಗಲಿಯಲ್ಲಿ ಅಜ್ಜ,
ಹಂಚಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ
ಬೆಂಕಿಯೆದುರು ನಿಂತ ಕಾಲು ಚಾಚಿ
ಅತ್ತೆಗೆ ಫೋನಿನಲ್ಲಿ ಹೇಳುತ್ತಿದ್ದರು:
‘ಅವು ಶಾಲೆಡ್ದ್ ಬತ್ತ್‌ಂಡ್.’

ಅದು ಶಾಲೆಯಿಂದ ಬಂತು.
ಬಸ್ಸು ಬಂತು, ಕರೆಂಟು ಬಂತು,
ಹಾಗೆ ನಾನೂ ಬಂತು.
ಹದಿನಾಲ್ಕು ವರ್ಷ ಕೇಳಿದ್ದೇನೆ
ಮುದ್ದು ಎಂದುಕೊಂಡು.
ಮುದ್ದೇ ಇರಬೇಕು.

ತಲೆಯೆತ್ತಿದೆ. ಮಾಡಿನ ತುಂಬ
ಅಜ್ಜ ಸುಟ್ಟ ಹಂಚು.
ಚೀಲದಿಂದ ಡಿಕ್ಷನರಿ ತೆಗೆದು
ಬೆರಳಿಟ್ಟು ಹುಡುಕಿದೆ:
ಅವಳು.

ಅಜ್ಜಾ, ಫೋನ್ ಇಡಿ.
ಅವಳು ಬಂದಿದ್ದಾಳೆ, ಎಂದೆ.

ಕಿವಿಗೆ ಕೈ ಆನಿಸಿ
ಗೇಟಿನ ಕಡೆ ಕತ್ತು ಉದ್ದ ಮಾಡಿದರು.
‘ಏರ್?’
ಯಾರು?