ಎದೆಯ ಮೇಲಿನ ಆನೆ

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯ ಈ ಅಂಗಡಿಯಲ್ಲಿ
ಮುಂದಿನ ಮೇಜು ಗಡಿಯಾರ ರಿಪೇರಿಗೆ,
ಹಿಂದಿನದು ಹಳೇ ನಾಣ್ಯಕ್ಕೆ.
ಭೂತಗನ್ನಡಿ ಮಾತ್ರ ಎರಡಕ್ಕೂ ಒಂದೇ.
ಹುಬ್ಬಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡರೆ
ಎರಡೂ ಕೈ ಬಿಡುವು,
ನಾಲಗೆಯೂ.

ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ನೋಡುವ ಕ್ರಮ ಹೀಗೆ:
ಮೊದಲು ಕಿವಿ, ಆಮೇಲೆ ಹುಬ್ಬು,
ಕಿರೀಟದ ಮುತ್ತು ಬಿಡಿಬಿಡಿಯೋ, ಕಲಸಿಹೋಗಿವೆಯೋ,
ಕೊನೆಗೆ ನಿಲುವಂಗಿಯ ಎದೆಯ ಮೇಲೆ
ಎಳ್ಳಿಗಿಂತ ಚೂರು ದೊಡ್ಡ ಆನೆ.
ಮೂಡಿಗೆರೆ ಕಡೆಯವರು ಆನೆ ಕಂಡರೆ ಓಡುತ್ತಾರೆ;
ನಾನು ಕಾಣದಿದ್ದರೆ ಬೆವರುತ್ತೇನೆ.
ಸೊಂಡಿಲು ಕಂಡರೆ ಒಂದು ಬೆಲೆ,
ಬೆನ್ನಷ್ಟೇ ಕಂಡರೆ ಇನ್ನೊಂದು,
ಬರೀ ಗುಡ್ಡೆಯಾಗಿ ಉಳಿದಿದ್ದರೆ
ತಕ್ಕಡಿಗೆ ಹಾಕುವುದು, ಅಕ್ಕಸಾಲಿಗರ ಲೆಕ್ಕ.

ಹೇಳೋದು ಶಾಸ್ತ್ರ, ಇಕ್ಕೋದು ಗಾಳ.
ಗಾದೆ ಕಟ್ಟಿದವನು ಯಾವತ್ತೋ
ನನ್ನ ಮೆಟ್ಟಿಲು ಹತ್ತಿದ್ದಿರಬೇಕು.

ಕೊಳ್ಳುವಾಗ ಈ ಕಣ್ಣು ಬಲು ಚುರುಕು.
ಅಂಚಿಗೆ ಬಿದ್ದ ಪೆಟ್ಟು, ಕೆನ್ನೆಯ ಗೀರು,
ಯಾರೋ ಹುಣಸೆಹುಳಿ ಹಚ್ಚಿ ತಿಕ್ಕಿದ ಸತ್ತ ಹೊಳಪು.
'ವಿ.ಎಫ್. ಅನ್ನಬಹುದು,
ಅದೂ ನಿಮ್ಮ ಮುಖ ನೋಡಿ.'
ಅದೇ ನಾಣ್ಯ ಗಾಜಿನ ಕಪಾಟಿಗೆ ನಡೆವ
ಮೂರೇ ಹೆಜ್ಜೆಯಲ್ಲಿ ಅದಕ್ಕೆ ಪ್ರಾಯ ಬರುತ್ತದೆ.
ಗೀರೇ? ಟಂಕಸಾಲೆಯ ಚೀಲದಲ್ಲಿ ತಾಗಿದ್ದು.
ಸವೆತವೇ? ಅಲ್ಲ ಸ್ವಾಮಿ,
ಅಚ್ಚೇ ಮೆತ್ತಗೆ ಬಿದ್ದಿದೆ.

ಹನ್ನೊಂದು ವರ್ಷದ ಹಿಂದೆ ಗ್ರೆಗರಿ ಲೋಬೊ ಬಂದಿದ್ದರು,
ಕಾಫಿ ಕ್ಯೂರಿಂಗ್ ವರ್ಕ್ಸಿನ ತೂಕದ ಗುಮಾಸ್ತರು,
ಬೋನಸ್ಸಿನ ದುಡ್ಡು ಜೇಬಿನಲ್ಲಿ.
ಕಂದು ಲಕೋಟೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದುಕೊಟ್ಟೆ:
'೧೯೧೯. ಯು.ಎನ್.ಸಿ. ಕೈ ಮುಟ್ಟಿಲ್ಲ.'
ಪ್ರತಿ ಮೂಟೆಯ ತೇವ ಕಳೆದು ತೂಕ ಬರೆಯುವ ಮನುಷ್ಯ
ನನ್ನ ಮಾತಿನ ತೇವ ಕಳೆಯಲಿಲ್ಲ.

ಮೊನ್ನೆ ಸೋಮವಾರ ಅವರ ಮಗಳು ಎವ್ಲಿನ್.
ಅದೇ ವರ್ಕ್ಸಿನಲ್ಲಿ ಬೀಜ ಆರಿಸುವ ಸಾಲಿನವಳು.
ಕೂರಲಿಲ್ಲ. ನನ್ನ ದೀಪದ ಕೆಳಗೆ ನಾಣ್ಯ ಹಿಡಿಯಲೂ ಇಲ್ಲ,
ಬಾಗಿಲಿಗೆ ಹೋಗಿ ಹಗಲಿಗೆ ಓರೆಮಾಡಿದಳು,
ಅಂಗೈಯಲ್ಲಿ ಬೀಜ ಹೊರಳಿಸಿದ ಹಾಗೆ.
'ಅಪ್ಪ ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದು
ಇದರಲ್ಲಿ ಆನೆ ಹುಡುಕುತ್ತಿದ್ದರು.
ಕಾಣದ್ದು ಕಣ್ಣಿನ ತಪ್ಪು ಅಂತ
ಪೊರೆ ಆಪರೇಷನ್ ಮಾಡಿಸಿಕೊಂಡರು ಸಾರ್.
ಈಗ ಎಲ್ಲ ಸ್ಪಷ್ಟ.
ಆನೆ ಇಲ್ಲ ಅನ್ನೋದೂ.'

ಗೊತ್ತಿದ್ದರೂ ಭೂತಗನ್ನಡಿ ಸಿಕ್ಕಿಸಿಕೊಂಡೆ.
ದೊರೆಯ ಎದೆ ನುಣ್ಣಗೆ,
ಆನೆಯಿದ್ದಲ್ಲಿ ಒಂದು ಉಬ್ಬು.
ಅದರ ಸುತ್ತ ಕೂದಲೆಳೆಯ ಸುಳಿಗೀರು.
ಆ ಹುಣಸೆಹುಳಿ ಯಾರದೆಂದು ಅವಳು ಕೇಳಲಿಲ್ಲ.
'ವಿ.ಎಫ್.' ಅಂದೆ, ಬಾಯಿಯ ಅಭ್ಯಾಸ.
ಅವಳು ಮಾತಾಡದೆ ಲಕೋಟೆಯನ್ನು
ನನ್ನ ಕಡೆ ತಿರುಗಿಸಿಟ್ಟಳು.

ಗೋಡೆಯಲ್ಲಿ ಹದಿಮೂರು ಗಡಿಯಾರ,
ಹದಿಮೂರು ಹೊತ್ತು.
'ಅವತ್ತು ಬೆಳಕು ಬೇರೆ ಇತ್ತಮ್ಮ.'

'ನಮ್ಮಲ್ಲಿ ಕಪ್ಪು ಬೀಜ ನಾಲ್ಕು ಜಾಸ್ತಿ ಸಿಕ್ಕರೆ
ಇಡೀ ಲಾಟು ಕೆಳಗಿಳಿಸ್ತಾರೆ ಸಾರ್.
ಬೆಳಕನ್ನ ಬಯ್ಯಲ್ಲ.'

ದುಡ್ಡು ಕೇಳಲಿಲ್ಲ, ದನಿ ಏರಿಸಲಿಲ್ಲ.
ರೂಪಾಯಿಯನ್ನು ಕರ್ಚೀಫಿನ ಮೂಲೆಗೆ ಗಂಟು ಹಾಕಿ
ಟಿಫಿನ್ ಚೀಲದಲ್ಲಿಟ್ಟು ಇಳಿದುಹೋದಳು.
ಲಕೋಟೆ ಮೇಜಿನ ಮೇಲೇ ಉಳಿಯಿತು.

ಸಂಜೆ ಅದನ್ನೇ ಭೂತಗನ್ನಡಿಗೆ ಹಿಡಿದೆ.
ಮಡಿಕೆ ಬಟ್ಟೆಯಷ್ಟು ಮೆತ್ತಗೆ,
ಒಂದು ಮೂಲೆ ಹೆಬ್ಬೆರಳಿನ ಎಣ್ಣೆಗೆ ಕಪ್ಪಾಗಿದೆ,
ಭಾನುವಾರಗಳ ಲೆಕ್ಕ.
ನನ್ನ ಅಕ್ಷರ ಮಾತ್ರ
ಒಂದು ಗೀರಿಲ್ಲ, ಒಂದು ಸವೆತವಿಲ್ಲ,
ಇವತ್ತು ಅಚ್ಚಿನಿಂದ ಬಿದ್ದ ಹಾಗೆ.

ಕಪಾಟಿನಲ್ಲಿ ಇಂಥವು ಇನ್ನೂ ನಲವತ್ತಿವೆ.
ಷಟರ್ ಎಳೆಯುವ ಮೊದಲು ಒಂದನ್ನು ತೆಗೆದೆ,
ಪೆನ್ನಿನ ಮುಚ್ಚಳವನ್ನೂ.
ಆಮೇಲೆ,
ಬೆಳಕು ಸಾಲದು ಅಂತ
ಇದ್ದಲ್ಲೇ ಇಟ್ಟೆ.